ಹೊಲಿಗೆ ಬಿಚ್ಚುವ ಮುನ್ನ ಒಂದು ಮಾತು

ಬೆಳಗಿನ ಆರು ಗಂಟೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಗಳ ಶಟರ್ ಇನ್ನೂ ಏರಿಲ್ಲ. ಅಂಥದೊಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಮೂವರು ಗಂಡಸರು ಸಾಲಾಗಿ ಕೂತಿದ್ದಾರೆ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಬೂಟು, ಸೊಂಟಕ್ಕೆ ಮಾತ್ರ ಚೌಕಳಿ ಲುಂಗಿ. ಒಬ್ಬರು ಬಸ್ ಚಾಲಕರು, ಒಬ್ಬರು ಕಾವಲುಗಾರರು, ಇನ್ನೊಬ್ಬರು ಯಾವುದೋ ಕಚೇರಿಯ ಜವಾನರು. ಡ್ಯೂಟಿಗೆ ಹೊರಟವರು. ಅವರ ಪ್ಯಾಂಟುಗಳು ಎದುರಿಗಿರುವ ಹೊಲಿಗೆ ಯಂತ್ರದ ಮೇಲಿವೆ. ಲುಂಗಿಗಳು ಯಂತ್ರದ ಒಡತಿಯವು. ಇಂಥ ಗಿರಾಕಿಗಳಿಗೆಂದೇ ಅವರು ಮೂರು ಲುಂಗಿ ಒಗೆದು, ಮಡಚಿ ಇಟ್ಟಿರುತ್ತಾರೆ.

ಐವತ್ಮೂರು ವರ್ಷದ ಮಲಕವ್ವ ಚಾಲಕರ ಖಾಕಿ ಪ್ಯಾಂಟನ್ನು ತಿರುವಿ ಹಿಂದಿನ ಹೊಲಿಗೆ ನೋಡುತ್ತಾರೆ. ಬ್ಲೇಡು ಕೈಯಲ್ಲಿದೆ, ಆದರೆ ಬಿಚ್ಚುತ್ತಿಲ್ಲ.

“ಅಣ್ಣಾರ, ಯುಗಾದಿ ಮುಂದ ಒಮ್ಮೆ ಬಿಚ್ಚಿಕೊಟ್ಟಿದ್ನಿ. ಈಗ ಮತ್ತ ಒಂದೂವರಿ ಇಂಚ ಅಂತೀರಿ. ಸಕ್ಕರಿ ತಪಾಸ ಮಾಡಿಸೀರಿಲ್ಲೋ?”

“ನನಗೇನಾಗೈತಿ ಬೇ? ಗುಂಡಕಲ್ಲ ಇದ್ದಾಂಗ ಅದೇನಿ.”

“ಗುಂಡಕಲ್ಲ ಆಗೀರಿ, ಅದಕ್ಕ ಕೇಳಾಕತ್ತೇನಿ.”

ಪಕ್ಕದ ಇಬ್ಬರು ನಗುತ್ತಾರೆ. ಚಾಲಕರು ಲುಂಗಿಯ ಗಂಟು ಸರಿಮಾಡಿಕೊಳ್ಳುವ ನೆಪದಲ್ಲಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅವರನ್ನು ನೋಡಿ ನಾನೂ ಎಳೆದುಕೊಂಡೆ. ನನ್ನ ಸೊಂಟ ಮೂವತ್ತೆಂಟು. ಸುಳ್ಳು ಯಾಕೆ ಹೇಳಲಿ.

ಸೊಂಟ ದೊಡ್ಡದಾದರೆ ಸಡಿಲಿಸುವುದು, ಸಣ್ಣದಾದರೆ ಹಿಡಿಯುವುದು, ಉದ್ದ ಮಡಚುವುದು. ಹತ್ತೊಂಬತ್ತು ವರ್ಷಗಳಿಂದ ಇದೇ ಮಲಕವ್ವನ ಕೆಲಸ. ಸಡಿಲಿಸುವ ಮುನ್ನ ಪ್ರತಿಯೊಬ್ಬರಿಗೂ ಆ ಒಂದು ಪ್ರಶ್ನೆ ಕೇಳಲು ಶುರುಮಾಡಿ ಆರು ವರ್ಷವಾಯಿತು. ಅವರ ಬಗ್ಗೆ ಬರೆಯಲೆಂದು ಮೊದಲ ದಿನ ಅವರ ಬಳಿ ಕೂತಾಗ ಇನ್ನೊಂದು ಗಮನಿಸಿದೆ. ರಸ್ತೆಯಲ್ಲಿ ಬೈಕು ನಿಂತ ಸಪ್ಪಳವಾದರೆ ಸಾಕು, ಹೊಲಿಯುತ್ತಿದ್ದ ಕಾಲು ನಿಲ್ಲುತ್ತದೆ, ತಲೆ ಮೇಲೇಳುತ್ತದೆ. ಯಾರಿಗಾಗಿ ಎಂದು ಕೇಳಿದೆ. ತಮ್ಮನ ಮಗ ಚಂದ್ರಕಾಂತನಿಗಾಗಿ. ಎಂಟು ತಿಂಗಳಾಯಿತು, ಅವನು ಅತ್ತೆಯ ಕಡೆ ಸುಳಿದಿಲ್ಲ.

“ನಾನ ಓಡಿಸಿದೆರಿ ಅವನ್ನ. ಹೇಳ್ತೀನಂತ, ತಡೀರಿ,” ಎಂದು ಮತ್ತೆ ತಲೆ ತಗ್ಗಿಸಿದರು.

ಮಲಕವ್ವನ ತವರು ಬಬಲೇಶ್ವರ ತಾಲ್ಲೂಕಿನ ನಿಡೋಣಿ. ಕುರಿ ಸಾಕುವ ಮನೆತನ. ಕೊಟ್ಟದ್ದು ನಗರದ ಮಗ್ಗುಲಿನ ತೊರವಿಗೆ. ಗಂಡ ರೇವಪ್ಪನದು ಎರಡು ಎಕರೆ ಹೊಲ, ಎರಡು ಎಮ್ಮೆ. ತೊರವಿಯಲ್ಲಿ ಹಿಂದೊಮ್ಮೆ ನಡೆದ ಹೊಲಿಗೆ ತರಬೇತಿಗೆ ಸೇರಿದ ಹದಿನಾಲ್ಕು ಹೆಂಗಸರಲ್ಲಿ ಹದಿಮೂರು ಮಂದಿ ಕುಬಸ, ಅಂದರೆ ರವಿಕೆ, ಹೊಲಿಯಲು ಕೂತರು. ಒಂದೇ ಊರಲ್ಲಿ ಅಷ್ಟು ಕುಬಸ ಎಲ್ಲಿಂದ ಬರಬೇಕು? ಮಲಕವ್ವ ಯಂತ್ರವನ್ನು ನಗರಕ್ಕೆ ಸಾಗಿಸಿದರು.

“ಹೊಸಾದು ಹೊಲಿಯವ್ರು ಭಾಳ ಮಂದಿ ಅದಾರ್ರಿ. ಹಳೇದು ರಿಪೇರಿ ಮಾಡವ್ರ ಇಲ್ಲ. ಹೆಣಮಗಳು ಗಂಡಸರ ಪ್ಯಾಂಟ ಹಿಡದ ಕುಂತಾಳ ಅಂತ ಮೊದಲ ಮಂದಿ ನಕ್ಕರು. ನಾ ಮನಷ್ಯಾಗ ಟೇಪ ಹಚ್ಚೂದಿಲ್ರಿ, ಪ್ಯಾಂಟಿಗಿ ಹಚ್ಚತೀನಿ. ಅದರಾಗ ಎಲ್ಲಾ ತಿಳೀತೈತಿ.”

ಎಲ್ಲ ಎಂದರೆ ಎಷ್ಟು? ನಾನು ಒಯ್ದಿದ್ದ ಕರಿ ಪ್ಯಾಂಟನ್ನು ಪರೀಕ್ಷೆಗೆಂದು ಕೊಟ್ಟೆ. ಅವರು ಮೊದಲು ನೋಡಿದ್ದು ಸೊಂಟವನ್ನಲ್ಲ, ಕಾಲಿನ ಅಂಚನ್ನು. ಹಿಮ್ಮಡಿಯ ಕಡೆ ಅಂಚು ಸವೆದು ದಾರ ಬಿಟ್ಟಿತ್ತು. ಹೊಟ್ಟೆ ಮುಂದೆ ಬಂದಾಗ ಪ್ಯಾಂಟು ಅದರ ಕೆಳಗೆ ಇಳಿಯುತ್ತದೆ, ಉದ್ದ ಹೆಚ್ಚಾಗುತ್ತದೆ, ನಡೆಯುವಾಗ ನಾವೇ ತುಳಿಯುತ್ತೇವೆ. ಪ್ಯಾಂಟಿನ ಅಳತೆ ಮೂವತ್ತಾರೇ ಉಳಿದಿರುತ್ತದೆ, ಹೊಟ್ಟೆಯ ಅಳತೆ ನಲವತ್ತಕ್ಕೆ ಹೋಗಿರುತ್ತದೆ. “ಪ್ಯಾಂಟ ಇನ್ನೂ ಅದ ನಂಬರ ಐತಿ, ನಾ ದಪ್ಪ ಆಗಿಲ್ಲ ಅಂತ ಮಂದಿ ತಿಳ್ಕೊಂಡಿರ್ತಾರ,” ಎಂದರು. ಆಮೇಲೆ ಹಿಂಭಾಗದ ಬಟ್ಟೆಯನ್ನು ಬೆಳಕಿಗೆ ಹಿಡಿದರು. “ಸರ, ನಿಮ್ಮದು ಕುಂಡ್ರೂ ಕೆಲಸ. ಕುಂತ ಕುಂತ ಕನ್ನಡಿ ಆಗೇತಿ ನೋಡ್ರಿ.” ಬಟ್ಟೆ ನಿಜಕ್ಕೂ ಮಿಂಚುತ್ತಿತ್ತು. ಮೆಟ್ಟಿಲ ಮೇಲಿನವರು ಈ ಬಾರಿ ನನ್ನನ್ನು ನೋಡಿ ನಕ್ಕರು.

ಮಲಕವ್ವ ತೊರವಿಯಿಂದ ಐದೂವರೆಯ ಮೊದಲ ಟಂಟಂ ಆಟೋ ಹತ್ತಿ ಬರುತ್ತಾರೆ. ಹತ್ತು ಗಂಟೆಗೆ ಅಂಗಡಿ ತೆರೆದರೆ ಯಂತ್ರ ಮೆಟ್ಟಿಲ ಕೆಳಗಿನ ಸಂದಿಗೆ ಸರಿಯುತ್ತದೆ, ಅಂಗಡಿಯ ಸಿದ್ಧ ಉಡುಪಿನ ಕೆಲಸ ಸಂಜೆವರೆಗೆ ಅಲ್ಲಿ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಪ್ಯಾಂಟು. ಮೊದಲೆಲ್ಲ ಹೆಚ್ಚಾಗಿ ಉದ್ದ ಮಡಚುವ ಕೆಲಸವೇ ಬರುತ್ತಿತ್ತಂತೆ. ಈಗ ಹತ್ತರಲ್ಲಿ ಆರು ಸೊಂಟ ಸಡಿಲಿಸುವವೇ. ಮೂವತ್ತೆರಡು ಇಂಚಿನ ಪ್ಯಾಂಟು ಕೈಗೆ ಬಂದರೆ ಹುಡುಗನದೇ ಇರಬೇಕು ಎನ್ನುತ್ತಾರೆ. ಬೆನ್ನು ನೋವಿದೆ. ದೂರದ್ದು ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ದಾರ ಪೋಣಿಸುವ ಕೆಲಸವನ್ನು ಲುಂಗಿ ಸುತ್ತಿ ಕೂತವರಿಗೇ ಹಚ್ಚುತ್ತಾರೆ.

ಈ ಪ್ರಶ್ನೆ ಕೇಳುವ ಚಟ ಎಲ್ಲಿಂದ ಬಂತೆಂದು ತಿಳಿಯಲು ಅವರ ಜೊತೆ ಒಂದು ಭಾನುವಾರ ನಿಡೋಣಿಗೆ ಹೋದೆ. ತಮ್ಮ ಸೋಮು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲು ಗೋಡೆಗೆ ಒರಗಿತ್ತು. ಸೆಕೆಗೆ ತುರಿಸುತ್ತದೆಂದು ತೆಗೆದಿಟ್ಟಿದ್ದರಂತೆ.

ಸೋಮು ಅವರು ಬಬಲೇಶ್ವರ–ವಿಜಯಪುರ ನಡುವೆ ಟಂಟಂ ಓಡಿಸುತ್ತಿದ್ದವರು. ಅಪ್ಪ ಕುರಿಗಳ ಹಿಂದೆ ದಿನಕ್ಕೆ ನಾಲ್ಕು ಹರದಾರಿ ಸುತ್ತಿ ಬಂದು ಐದು ರೊಟ್ಟಿ ತಿನ್ನುತ್ತಿದ್ದರು. ಎಂಬತ್ತು ದಾಟಿದ ಮೇಲೂ ಬಡಿಗೆ ಹಿಡಿದು ನಡೆದವರು. ಮಗ ಕೂತಲ್ಲೇ ಕೂತು ದುಡಿದರೂ ಐದು ರೊಟ್ಟಿ ಬಿಡಲಿಲ್ಲ. ಅಪ್ಪನ ಊಟ, ಸಾಹೇಬರ ಕೆಲಸ. ಮೇಲೆ ನಿಲ್ದಾಣಕ್ಕೊಂದು ಚಹಾ, ಸಂಜೆ ಮಿರ್ಚಿ ಭಜಿ.

“ನಾವು ಜ್ವಾಳದ ರೊಟ್ಟಿ ತಿನ್ನೂ ಮಂದಿ, ಕುರಿ ಕಾಯೂ ಮಂದಿ. ಸಕ್ಕರಿ ಬ್ಯಾನಿ ಅನ್ನಾ ತಿನ್ನೂ ಪ್ಯಾಟಿ ಮಂದಿಗಿ ಅಂತ ತಿಳದಿದ್ನಿರಿ,” ಎಂದು ಸೋಮು ನಕ್ಕರು. “ಕುರಿ ಮಾರಿ ಹತ್ತ ವರ್ಷ ಆಗಿತ್ತು. ಆದ್ರೂ ನಾ ಕುರಿ ಕಾಯವನ!”

ಖಾಕಿ ಪ್ಯಾಂಟು ಅಕ್ಕನೇ ಹೊಲಿದು ಕೊಡುತ್ತಿದ್ದರು. ಸೊಂಟ ಮೂವತ್ತೆರಡಿದ್ದಾಗಲೇ ಹಿಂದೆ ಮೂರು ಇಂಚು ಬಟ್ಟೆ ಒಳಗೆ ಬಿಟ್ಟಿದ್ದರು. ತಮ್ಮ ಮೈ ಹಿಡಿಯುತ್ತಾನೆ ಎಂಬ ಪ್ರೀತಿಯ ಲೆಕ್ಕಾಚಾರ ಅದು. ಆರು ವರ್ಷದಲ್ಲಿ ಐದು ಸಲ ಬಿಚ್ಚಿದರು. ಒಳಗಿನ ಬಟ್ಟೆ ಮುಗಿದಾಗ ಬೇರೆ ತುಂಡು ಕೂಡಿಸಿದರು. ಒಂದು ಸಲವೂ ಯಾಕೆಂದು ಕೇಳಲಿಲ್ಲ. ಅವ್ವ ಇನ್ನೂ ಇದ್ದರು. ಮಗನ ಮೈ ನೋಡಿ ದೃಷ್ಟಿ ತೆಗೆಯುತ್ತಿದ್ದರು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು. ಒಂದು ಶ್ರಾವಣದಲ್ಲಿ ಸೋಮು ಅದೇ ಪ್ಯಾಂಟು ತಂದು, ಸಡಿಲಾಗಿದೆ ಹಿಡಿದು ಕೊಡು ಎಂದರು. ಒಂದಲ್ಲ ಎರಡಲ್ಲ, ನಾಲ್ಕು ಇಂಚು. ಊಟ ಬಿಟ್ಟಿರಲಿಲ್ಲ, ನಡಿಗೆ ಹಿಡಿದಿರಲಿಲ್ಲ. ಮೈ ತಾನಾಗಿ ಇಳಿದಿತ್ತು.

“ಖುಷಿ ಆದ್ನಿರಿ ನಾನು,” ಎನ್ನುತ್ತಾರೆ ಮಲಕವ್ವ. ಅವರ ದನಿ ಇಲ್ಲಿ ಸಣ್ಣದಾಗುತ್ತದೆ. “ದೇವರ ಕಣ್ಣ ತೆರದಾನ, ತಮ್ಮ ಸಣ್ಣಾದ ಅಂತ ಹಾಡ ಅನಕೋತ ಹೊಲದೆ. ನನ್ನ ಮುಂದ ಕುಂತ ಎರಡ ಬಾಟ್ಲಿ ನೀರ ಕುಡದ. ಎರಡ ಸಲ ಎದ್ದ ಹೋಗಿ ಬಂದ. ಕಣ್ಣಿಂದ ನೋಡೇನಿ. ತಿಳೀಲಿಲ್ಲ.”

ಸಕ್ಕರೆ ಕಾಯಿಲೆ ಬಹಳ ಏರಿದಾಗ ಮೈ ಕರಗುತ್ತದೆ, ಬಾಯಾರಿಕೆ ತೀರುವುದಿಲ್ಲ, ಮೇಲಿಂದ ಮೇಲೆ ಮೂತ್ರ ಬರುತ್ತದೆ. ಅದು ಗೊತ್ತಾಗಿದ್ದು ಮೂರು ತಿಂಗಳ ನಂತರ. ಚಪ್ಪಲಿಯ ಮೊಳೆ ಪಾದಕ್ಕೆ ನಾಟಿ, ನೋವೇ ತಿಳಿಯದೆ, ಗಾಯ ಕೊಳೆತು ಆಸ್ಪತ್ರೆ ಸೇರಿದ ದಿನ. ಮೊದಲು ಎರಡು ಬೆರಳು, ನಂತರ ಕಾಲು.

ಅಕ್ಕ ಒಳಗೆ ನೀರು ತರಲು ಹೋದಾಗ ಸೋಮು ನನ್ನ ಕಡೆ ಬಾಗಿದರು. “ಅಕ್ಕ ಬಿಚ್ಚಿದ್ದು ಹೊಲಿಗಿ ಅಷ್ಟರಿ. ಬಾಯಾಗ ಹಾಕ್ಕೊಂಡಂವ ನಾನ, ಕುಂತಲ್ಲಿಂದ ಏಳಲಾರದಂವ ನಾನ. ಆಕಿಗಿ ಎಷ್ಟ ಹೇಳಿದ್ರೂ ಕೇಳಂಗಿಲ್ಲ. ನೀವರ ಒಂದ ಮಾತ ಬರೀರಿ, ಆಕಿ ತಪ್ಪ ಏನೂ ಇಲ್ಲಂತ.”

ಬರೆದಿದ್ದೇನೆ, ಸೋಮು ಅಣ್ಣ. ತಪ್ಪು ನಿಮ್ಮದೂ ಪೂರ್ತಿ ಅಲ್ಲ. ಕೆಲಸ ಕೂರಿಸಿತು, ಹೊಟ್ಟೆ ಹಳೆಯ ಲೆಕ್ಕದಲ್ಲೇ ಉಣ್ಣುತ್ತಿತ್ತು, ಯಾರೂ ಹೇಳಿರಲಿಲ್ಲ.

ಆ ಆಸ್ಪತ್ರೆಯಿಂದ ಬಂದ ಮೇಲೆ ಮಲಕವ್ವ ಹೊಲಿಗೆ ಬಿಚ್ಚುವ ಮುನ್ನ ಕೇಳತೊಡಗಿದರು. ಸಡಿಲಿಸಲು ಬಂದವರಿಗೂ ಕೇಳುತ್ತಾರೆ, ಹಿಡಿಯಲು ಬಂದವರಿಗೆ ಇನ್ನೂ ಹೆಚ್ಚು ಕೇಳುತ್ತಾರೆ. ಸ್ವಲ್ಪ ದೂರದಲ್ಲೊಂದು ರಕ್ತ ತಪಾಸಣೆ ಕೇಂದ್ರವಿದೆ. ಅಲ್ಲಿ ರಕ್ತ ತೆಗೆಯುವ ಜಿಲಾನಿ ಹೇಳುವುದು ಕೇಳಿ: “ಮಲಕವ್ವ ಕಳಸ್ಯಾಳ ಅಂತ ಬರ್ತಾರ್ರಿ. ಡಾಕ್ಟರ ಚೀಟಿ ಎಲ್ಲಿ ಅಂದ್ರ ಪ್ಯಾಂಟ ತೋರಸ್ತಾರ! ಹೋದ ವರ್ಷ ನೂರಾ ಎಪ್ಪತ್ತ ಮಂದಿ ಬಂದಿದ್ರು. ಇಪ್ಪತ್ತೊಂಬತ್ತ ಮಂದಿಗಿ ಸಕ್ಕರಿ ಇತ್ತು, ಅವರಿಗೇ ಗೊತ್ತಿರಲಿಲ್ಲ. ಇನ್ನ ಗಡಿ ಮ್ಯಾಲ ನಿಂತವ್ರು ಅದರ ಎರಡ ಪಟ್ಟ.”

ಗಡಿ ಎಂಬ ಮಾತನ್ನು ಮಲಕವ್ವ ಜಿಲಾನಿಯಿಂದ ಕಲಿತಿದ್ದಾರೆ. ಸಕ್ಕರೆ ಏರಿದೆ, ಕಾಯಿಲೆ ಇನ್ನೂ ಆಗಿಲ್ಲ, ಅಂಥ ಹಂತ. ಅಲ್ಲಿಂದ ಎಷ್ಟೋ ಜನ ಹಿಂದಕ್ಕೆ ಬರಬಹುದು. ಗಂಡಸರ ಸೊಂಟ ಮೂವತ್ತೈದೂವರೆ ಇಂಚು ದಾಟಿದರೆ, ಹೆಂಗಸರದು ಮೂವತ್ತೊಂದೂವರೆ ದಾಟಿದರೆ ಎಚ್ಚರವಿರಲಿ ಎನ್ನುತ್ತಾರೆ ವೈದ್ಯರು. ತಂದೆ ತಾಯಿಗೆ ಇದ್ದರೆ ಇನ್ನೂ ಎಚ್ಚರ. ತೂಕದಲ್ಲಿ ನೂರಕ್ಕೆ ಐದಾರು ಪಾಲು ಇಳಿದರೂ, ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೂ ಅಪಾಯ ಸಾಕಷ್ಟು ತಗ್ಗುತ್ತದೆ. ತೆಳ್ಳಗಿದ್ದವರಿಗೂ ಬರುತ್ತದೆ, ದಪ್ಪಗಿದ್ದವರೆಲ್ಲರಿಗೂ ಬರುವುದಿಲ್ಲ. ಇದನ್ನು ಮಲಕವ್ವ ತಮ್ಮ ರೀತಿಯಲ್ಲಿ ಹೇಳುತ್ತಾರೆ: “ಪ್ಯಾಂಟ ಬರೇ ಸುಳಿವ ಕೊಡತೈತ್ರಿ. ಖರೇ ಹೇಳೂದು ರಕ್ತ.”

ಬಬಲೇಶ್ವರದ ಪ್ರೌಢಶಾಲೆಯಲ್ಲಿ ಪಾಠ ಹೇಳುವ ಗುರುರಾಜ ಈ ಪ್ರಶ್ನೆಗೆ ಸಿಟ್ಟಾಗಿ ಹೋದವರಲ್ಲಿ ಒಬ್ಬರು. “ಪ್ಯಾಂಟ್ ರಿಪೇರಿ ಮಾಡೋಕಿ ನನಗ ಆರೋಗ್ಯ ಹೇಳ್ತಾಳಲ್ಲ ಅಂತ ಭಾಳ ಸಿಟ್ಟ ಬಂದಿತ್ತು. ಮನಿಗೆ ಹೋದ್ರ ನಮ್ಮ ತಾಯಿ ತುಂಗಾಬಾಯಿ ಹೊಟ್ಟಿಗೆ ಇನ್ಸುಲಿನ್ ಚುಚ್ಚಿಕೊಳ್ಳಿಕತ್ತಿದ್ರು. ಇಪ್ಪತ್ತ ವರ್ಷದಿಂದ ದಿನಾ ನೋಡೀನಿ. ಅವತ್ತ ಬೇರೆನ ಕಂಡ್ತು.” ಮರುದಿನವೇ ತಪಾಸಣೆಗೆ ಹೋದರು. ಗಡಿಯ ಮೇಲಿದ್ದರು. ಈಗ ಸಂಜೆ ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದು ನಡೆಯುತ್ತಾರೆ. ವರ್ಷದಲ್ಲಿ ಆರು ಕಿಲೋ ಇಳಿದಿದ್ದಾರೆ. ಹೋಳಿಗೆಯನ್ನು ಮಾತ್ರ ಪೂರ್ತಿ ಬಿಡಲಾಗಿಲ್ಲ, ಅರ್ಧಕ್ಕೆ ನಿಲ್ಲಿಸಿದ್ದಾರಂತೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ಮಲಕವ್ವ ಸೋತಿದ್ದು ಗಾದೆಯ ಎರಡನೆಯ ಅರ್ಧದಲ್ಲಿ, ಅದೂ ತಮ್ಮನ ಮಗನ ಎದುರಿಗೇ.

ಚಂದ್ರಕಾಂತನಿಗೆ ಮೂವತ್ತೊಂದು ವರ್ಷ. ಮನೆ ವಿಜಯಪುರದಲ್ಲಿ, ಕೆಲಸ ತಿಕೋಟಾದ ಒಂದು ಕಚೇರಿಯಲ್ಲಿ. ಬೈಕಿನ ಮೇಲೆ ಹೋಗುವುದು, ಕುರ್ಚಿಯ ಮೇಲೆ ಕೂರುವುದು, ಬೈಕಿನ ಮೇಲೆ ಬರುವುದು. ಹೋದ ದೀಪಾವಳಿಗೆ ಎರಡು ದಿನ ಮುಂಚಿನ ಸಂಜೆ, ರಸ್ತೆ ಗಿಜಿಗುಡುವಾಗ, ಇಬ್ಬರು ಸಹೋದ್ಯೋಗಿಗಳ ಜೊತೆ ಎರಡು ಪ್ಯಾಂಟು ತಂದ. ಮೂವತ್ತೆಂಟನ್ನು ನಲವತ್ತು ಮಾಡಬೇಕಿತ್ತು. ಅತ್ತೆಗೆ ಕಣ್ಣ ಮುಂದೆ ತಮ್ಮನ ಕಾಲು ಬಂದು ನಿಂತಿತು.

“ನಿಮ್ಮಪ್ಪನ ಕಾಲ ನೋಡಿ ಬುದ್ಧಿ ಬರಲಿಲ್ಲೇನ ನಿನಗ? ಬಿಚ್ಚೂದಿಲ್ಲ, ಒಯ್ಯಿ ಅಂತ ಒದರಿದೆ. ಮಂದಿ ಎಲ್ಲಾ ನಿಂತ ನೋಡಿದ್ರು. ಅಂವ ಪ್ಯಾಂಟ ಬಗಲಾಗ ಇಟ್ಕೊಂಡ ಹ್ವಾದ,” ಎನ್ನುತ್ತಾರೆ ಮಲಕವ್ವ.

ಆ ಪ್ಯಾಂಟುಗಳ ಬದಲು ಬೇರೆ ಅಂಗಡಿಯಲ್ಲಿ ನಲವತ್ತರ ಸಿದ್ಧ ಪ್ಯಾಂಟು ಕೊಂಡನೆಂದು ಆಮೇಲೆ ತಿಳಿಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಸಂಕ್ರಾಂತಿಗೆ ಬರಲಿಲ್ಲ, ಕಾರಹುಣ್ಣಿಮೆಗೂ ಬರಲಿಲ್ಲ. ಅವನು ತಪಾಸಣೆ ಮಾಡಿಸಿದನೋ ಇಲ್ಲವೋ ನಿಡೋಣಿಯಲ್ಲೂ ಯಾರಿಗೂ ಗೊತ್ತಿಲ್ಲ. “ಗುರ್ತಿಲ್ಲದವರಿಗಿ ಅಣ್ಣಾರ ಅಂತ ಮೆತ್ತಗ ಕೇಳ್ತೀನಿ. ನನ್ನ ಕೂಸಿಗಿ ಮೆತ್ತಗ ಕೇಳಾಕ ಆಗಲಿಲ್ಲ ನೋಡ್ರಿ. ನಾಚಿಕಿ ಆದವ ದವಾಖಾನಿಗಿ ಹ್ಯಾಂಗ ಹೋದಾನು? ನಾನ ಅವನ ಬಾಗಲಾ ಹಾಕಿದ್ನಿ.” ಕೆಟ್ಟ ಮೇಲೆ ಬಂದ ಈ ಬುದ್ಧಿಯನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಕೊನೆಯ ಸಲ ಹೋಗಿದ್ದು ಒಂದು ಶುಕ್ರವಾರ, ಫೋಟೋ ತೆಗೆಯುವ ನೆಪದಲ್ಲಿ. ಆರೂವರೆ ಆಗಿರಬೇಕು. ಯಾವ ಬೈಕಿನ ಸಪ್ಪಳವೂ ಆಗಲಿಲ್ಲ. ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿದ, ಬೆವರಿದ ಎತ್ತರದ ಯುವಕನೊಬ್ಬ ನಡೆದು ಬಂದು ಯಂತ್ರದ ಮುಂದೆ ನಿಂತ. ಕೈಯಲ್ಲಿ ಚೀಲ. ಮಲಕವ್ವ ತಲೆಯೆತ್ತಿ, ಪೆಡಲಿನಿಂದ ಕಾಲು ತೆಗೆದರು.

“ಎರಡ ಇಂಚ ಹಿಡೀಬೇಕಿತ್ತು, ಅತ್ತಿ,” ಎಂದ ಚಂದ್ರಕಾಂತ.

ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಮಲಕವ್ವನ ಮುಖ ಬಿಳಿಚಿಕೊಂಡಿತು.

“ನೀರಡಿಕಿ ಭಾಳ ಆಗತೈತೇನು?”

“ಇಲ್ಲ.”

“ರಾತ್ರಿ ಎಷ್ಟ ಸಲ ಏಳ್ತಿ? ಖರೇ ಹೇಳು.”

“ಏಳೂದ ಇಲ್ಲ ಬಿಡು.”

“ಬೂಟ ತಗಿ.”

ಸ್ಟೇಷನ್ ರಸ್ತೆಯ ಮೆಟ್ಟಿಲ ಮೇಲೆ, ಲುಂಗಿ ಸುತ್ತಿ ಕೂತ ಇಬ್ಬರು ಅಪರಿಚಿತರ ಎದುರಿಗೆ, ಅವನು ಬೂಟು ಕಳಚಿದ. ಅತ್ತೆ ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು ನೋಡಿದರು, ಹಿಮ್ಮಡಿ ನೋಡಿದರು, ಒಂದೊಂದೇ ಬೆರಳನ್ನು ಒತ್ತಿ “ಗೊತ್ತಾಗತೈತಿ?” ಎಂದು ಕೇಳಿದರು.

“ಕಚಗುಳಿ ಆಗತೈತಿ, ಬಿಡ ಅತ್ತಿ.”

ಅವರು ಬಿಡಲಿಲ್ಲ. ಇನ್ನೊಂದು ಕಾಲನ್ನೂ ನೋಡಿದರು. ಆಮೇಲೆ ಅವನು ಕಿಸೆಯಿಂದ ಮಡಚಿದ ಎರಡು ಕಾಗದ ತೆಗೆದ. ಮಲಕವ್ವ ಅವನ್ನು ನನ್ನ ಕೈಗಿತ್ತರು. “ಓದ್ರಿ ಸರ. ಇದ್ದದ್ದ ಇದ್ದಾಂಗ ಓದ್ರಿ.”

ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿಗಳು. ಮೊದಲನೆಯದು ಹೋದ ದೀಪಾವಳಿಯ ವಾರದ್ದು: ಆರು ಪಾಯಿಂಟ್ ಮೂರು. ಆರು ಪಾಯಿಂಟ್ ಐದಕ್ಕೆ ಮುಟ್ಟಿದರೆ ಕಾಯಿಲೆ. ಎರಡನೆಯದು ಈ ವಾರದ್ದು: ಐದು ಪಾಯಿಂಟ್ ಎಂಟು. ಇನ್ನೂ ಗಡಿಯ ಮೇಲೇ ಇದ್ದಾನೆ, ಆದರೆ ಇಳಿಯುತ್ತಿದ್ದಾನೆ. ಮಲಕವ್ವ ಎರಡು ಸಲ ಓದಿಸಿಕೊಂಡರು.

“ನೀ ಬೈದ ಮರದಿವ್ಸನ ಹೋಗಿದ್ನಿ,” ಎಂದ ಚಂದ್ರಕಾಂತ, ಬೂಟಿನ ಲೇಸು ಕಟ್ಟುತ್ತ. “ಸಿಟ್ಟಿಲೆ ಹೋಗಿದ್ನಿ, ಏನೂ ಇಲ್ಲಂತ ಬರಲಿ, ನಿನ್ನ ಮುಂದ ಒಗೀತೀನಿ ಅಂತ. ಬಂದದ್ದ ನೋಡಿ ಅಂಜಿಕಿ ಆತು. ಹೇಳಾಕ ಬಾಯಿ ಬರಲಿಲ್ಲ. ಕಡಿಮಿ ಮಾಡ್ಕೊಂಡ ಹೋಗೂಣು ಅಂದ್ನಿ. ಮುಂಜಾನೆ ದಿನಾ ನಡೀತೀನಿ. ಎಂಬತ್ತೆಂಟ ಇದ್ದದ್ದು ಎಂಬತ್ತೊಂದಾಗೇತಿ.”

“ಎಂಟ ತಿಂಗಳ ಒಬ್ಬನ ಅಂಜಿದೇನೋ ಯಪ್ಪಾ,” ಎಂದರು ಮಲಕವ್ವ. ಮಡಚಿಟ್ಟಿದ್ದ ಮೂರನೆಯ ಲುಂಗಿಯಿಂದಲೇ ಕಣ್ಣೊರೆಸಿಕೊಂಡರು. ಲುಂಗಿ ಸುತ್ತಿ ಕೂತಿದ್ದ ಇಬ್ಬರೂ ಬೇಕೆಂದೇ ರಸ್ತೆಯ ಕಡೆ ನೋಡುತ್ತಿದ್ದರು. ಅವರಲ್ಲೊಬ್ಬರು ಕೇಳದೆಯೇ ಸೂಜಿಗೆ ದಾರ ಪೋಣಿಸಿ ಕೊಟ್ಟರು.

ನಲವತ್ತರ ಪ್ಯಾಂಟು ಹತ್ತು ನಿಮಿಷದಲ್ಲಿ ಮೂವತ್ತೆಂಟಾಯಿತು. ಹಿಂದೆ ಎರಡು ಇಂಚು ಬಟ್ಟೆ ಒಳಗೆ ಉಳಿಯಿತು.

“ಅದನ್ನ ಕತ್ತರಿಸಿ ಒಗದ ಬಿಡ ಅತ್ತಿ,” ಎಂದ ಚಂದ್ರಕಾಂತ. “ಮತ್ತ ಬಿಚ್ಚಾಕ ಬರಬಾರದು.”

ಮಲಕವ್ವ ಕತ್ತರಿ ಎತ್ತಿಕೊಂಡರು. ಒಂದು ಕ್ಷಣ ಹಿಡಿದುಕೊಂಡಿದ್ದು ಕೆಳಗಿಟ್ಟರು. ಒಳಗಿನ ಬಟ್ಟೆಯನ್ನು ಕೈಯಿಂದ ಸವರಿ, ಮಡಚಿ, ನಾಲ್ಕು ಕೈಹೊಲಿಗೆ ಹಾಕಿ ಪ್ಯಾಂಟು ಅವನ ತೋಳಿನ ಮೇಲೆ ಹಾಕಿದರು.

“ಇರಲಿ ಬಿಡ ಯಪ್ಪಾ. ಹೊಟ್ಟಿ ಮತ್ತ ಬಂದ್ರ ಬರಲಿ, ಬೈಕೋತನ ಬಿಚ್ಚಿ ಕೊಡ್ತೀನಿ. ನೀ ಬರೂದ ಮಾತ್ರ ಬಿಡಬ್ಯಾಡ.”